ಶಿಕಾಗೋ ಬಳಿಯ ಆ ಹಳದಿ ಹೂವು ಸೂರ್ಯಕಾಂತಿ ಅಲ್ಲ ಅನ್ನಿಸುತ್ತೆ

ನಮಸ್ಕಾರ. ಪ್ರೇರಿ ಹುಲ್ಲುಗಾವಲಿನಲ್ಲಿ ಆಳೆತ್ತರ ಮೀರಿ ಬೆಳೆದ ಗಿಡ, ಜುಲೈ ತಿಂಗಳು, ಹಳದಿ ಹೂವು, ಬುಡದಲ್ಲಿ ಸೀಳಿದಂಥ ದೊಡ್ಡ ಎಲೆ, ಇದು ಕಾಡು ಸೂರ್ಯಕಾಂತಿಯೇ ಅಂತ ಕೇಳಿದ್ದೀರಿ. ನೀವು ಹೇಳಿದ ಎಲೆ ನೋಡಿದರೆ ಅದು ಕಂಪಾಸ್ ಪ್ಲಾಂಟ್, ಅಂದರೆ ಸಿಲ್ಫಿಯಮ್ ಲಾಸಿನಿಯೇಟಮ್. ಶಿಕಾಗೋ ಇರುವ ಇಲಿನಾಯ್ ರಾಜ್ಯದ ಸ್ವಂತ ಗಿಡ.

ಹೂವಿಗಿಂತ ಎಲೆಯನ್ನೇ ನಂಬಿ. ಹೂವು ನೋಡಿ ಯಾರಾದರೂ ಸೂರ್ಯಕಾಂತಿ ಅಂದುಕೊಳ್ಳುತ್ತಾರೆ. ಆದರೆ ಇದರ ಬುಡದ ಎಲೆಗಳು ನಡುನರದ ತನಕ ಆಳವಾಗಿ ಸೀಳಿರುತ್ತವೆ, ಮುಟ್ಟಿದರೆ ಒರಟು. ಬಿಸಿಲಲ್ಲಿ ಬೆಳೆದ ಎಲೆಗಳು ನೆಟ್ಟಗೆ ನಿಂತು, ಅಂಚನ್ನು ಉತ್ತರ-ದಕ್ಷಿಣಕ್ಕೆ ತಿರುಗಿಸಿಕೊಳ್ಳುತ್ತವೆ. ಇದರಿಂದ ಬೆಳಗ್ಗೆ, ಸಂಜೆಯ ಬಿಸಿಲು ಎಲೆಯ ಅಗಲಕ್ಕೆ ಬೀಳುತ್ತದೆ, ನಡುಮಧ್ಯಾಹ್ನದ ಉರಿ ತಪ್ಪುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ! ಎಲ್ಲ ಎಲೆಯೂ ಕರಾರುವಾಕ್ಕಾಗಿ ನಿಲ್ಲುವುದಿಲ್ಲ, ನಾಲ್ಕೈದು ಗಿಡ ನೋಡಿ.

ಇನ್ನೊಂದು ಗುರುತು ಬೀಜ. ಸೂರ್ಯಕಾಂತಿಯಲ್ಲಿ ಬೀಜ ಹೂವಿನ ನಡುವೆ ಕಟ್ಟುತ್ತದೆ. ಇದರಲ್ಲಿ ಸುತ್ತಲಿನ ಎಸಳುಗಳ ಬುಡದಲ್ಲಿ ಮಾತ್ರ.

ಇದರ ಬಳಗದವೇ ಇನ್ನೆರಡು ಅಲ್ಲೇ ಸಿಗುತ್ತವೆ. ಪ್ರೇರಿ ಡಾಕ್‌ಗೆ ಬುಡದಲ್ಲಿ ಸೀಳಿಲ್ಲದ ಅಗಲ ಎಲೆ, ಮೇಲೆ ಬರೀ ಕಾಂಡ. ಕಪ್ ಪ್ಲಾಂಟ್‌ನ ಕಾಂಡ ಚೌಕ, ಜೋಡಿ ಎಲೆಗಳು ಅದರ ಸುತ್ತ ಕೂಡಿ ಬಟ್ಟಲಾಗಿ ನೀರು ಹಿಡಿಯುತ್ತವೆ.

ದಯವಿಟ್ಟು ಮನೆಗೆ ತರಲು ಕಿತ್ತುಬಿಡಬೇಡಿ. ತಾಯಿಬೇರು ತುಂಬಾ ಆಳ, ಕಿತ್ತರೆ ಬದುಕುವುದು ಕಷ್ಟ. ಇಲಿನಾಯ್‌ನಲ್ಲಿ ಮೂಲ ಪ್ರೇರಿ ಶೇಕಡಾ 0.1ರಷ್ಟೂ ಉಳಿದಿಲ್ಲ. ಸ್ಥಳೀಯ ಗಿಡಗಳ ನರ್ಸರಿಯಲ್ಲಿ ಬೀಜ ಸಿಗುತ್ತದೆ. ಹೂ ಬಿಡಲು ಕೆಲವು ವರ್ಷ ಕಾಯಬೇಕು. ಬುಡದ ಎಲೆಯ ಫೋಟೋ ಹಾಕಿ, ಖಚಿತವಾಗಿ ಹೇಳುತ್ತೇನೆ.