ಮನೆಗೂ ಆಗಬೇಕು, ಬೈಕಿನ ಮೇಲೂ ಹೋಗಬೇಕು: ಮಡಚುವ ಸೋಲಾರ್ ಪ್ಯಾನೆಲ್ ಎಷ್ಟು ವ್ಯಾಟಿನದು ಕೊಳ್ಳಲಿ?

ಮಾನ್ವಿಯಲ್ಲಿರುವ ನಿಮ್ಮ ಮನೆಯಲ್ಲಿ ಬೇಸಿಗೆಯ ರಾತ್ರಿ ಮೂರು ನಾಲ್ಕು ತಾಸು ಕರೆಂಟು ಹೋಗುತ್ತದೆ ಎಂದಿದ್ದೀರಿ. ವರ್ಷಕ್ಕೆ ಎರಡು ಮೂರು ಸಲ ಗೆಳೆಯರೊಂದಿಗೆ ಬೈಕಿನಲ್ಲಿ ಆನೆಗೊಂದಿ ಕಡೆಗೆ ಹೋಗಿ ಪರಿಚಯದವರ ಹೊಲದಲ್ಲಿ ಡೇರೆ ಹಾಕಿಕೊಂಡು ತಂಗುತ್ತೀರಿ. ಎರಡಕ್ಕೂ ಒದಗುವಂತೆ ಮಡಚುವ ಸೋಲಾರ್ ಪ್ಯಾನೆಲ್ ಮತ್ತು ಬ್ಯಾಟರಿ ಪೆಟ್ಟಿಗೆ (ಬ್ಯಾಟರಿ, ಇನ್ವರ್ಟರ್ ಎಲ್ಲ ಒಂದರಲ್ಲೇ ಇರುವುದು) ಕೊಳ್ಳಬೇಕೆಂದಿದ್ದು, 100 ವ್ಯಾಟ್ ಸಾಕೇ, 200 ಬೇಕೇ, ಶೇ 28 ದಕ್ಷತೆ (ಬಿದ್ದ ಬೆಳಕಿನಲ್ಲಿ ಕರೆಂಟಾಗುವ ಪಾಲು) ಎಂದು ಬರೆದ ಜಾಹೀರಾತನ್ನು ನಂಬಬಹುದೇ ಎಂದು ಕೇಳಿದ್ದೀರಿ. ನಾನು ಸಿಂಧನೂರಿನಲ್ಲಿ ಇನ್ವರ್ಟರ್, ಬ್ಯಾಟರಿ ಮತ್ತು ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವ ಬ್ಯಾಟರಿ ಪಂಪುಗಳ ದುರಸ್ತಿ ಮಾಡುತ್ತೇನೆ. ಇಂತಹ ಪ್ಯಾನೆಲ್ ಒಂದನ್ನು ಮೂರು ಬೇಸಿಗೆ ಬಳಸಿದ್ದೇನೆ, ಬೇರೆಯವರು ತಂದ ಹಲವನ್ನು ಮೀಟರಿಗೆ ಹಚ್ಚಿ ನೋಡಿದ್ದೇನೆ. ನಿಮಗೆ 100 ವ್ಯಾಟಿನ ಪ್ಯಾನೆಲ್ ಸಾಕು. ಉಳಿಯುವ ಹಣವನ್ನು ಬ್ಯಾಟರಿಗೆ ಹಾಕಿ. ಏಕೆ ಹಾಗೆನ್ನುತ್ತೇನೆ ಎಂಬುದನ್ನು ಲೆಕ್ಕದೊಂದಿಗೆ ಹೇಳುತ್ತೇನೆ.

ಮೊದಲು ರಾತ್ರಿಯ ಖರ್ಚನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. 9 ವ್ಯಾಟಿನ ಎರಡು ಎಲ್‌ಇಡಿ ಬಲ್ಬು ಮೂರು ತಾಸು ಉರಿದರೆ 54 ವ್ಯಾಟ್ ಅವರ್ (ವ್ಯಾಟನ್ನು ತಾಸಿನಿಂದ ಗುಣಿಸಿದ್ದು) ಆಗುತ್ತದೆ. ಇಂಟರ್ನೆಟ್ ಪೆಟ್ಟಿಗೆ 10 ವ್ಯಾಟಿನಂತೆ ನಾಲ್ಕು ತಾಸಿಗೆ 40, ಎರಡು ಮೊಬೈಲುಗಳಿಗೆ ತಲಾ 15ರಂತೆ 30. ಇನ್ನು ಫ್ಯಾನು. ಸಾಧಾರಣ ಟೇಬಲ್ ಫ್ಯಾನು 55 ವ್ಯಾಟ್ ಆಸುಪಾಸು ಎಳೆಯುತ್ತದೆ, ನಾಲ್ಕು ತಾಸಿಗೆ 220. ಬಿಎಲ್‌ಡಿಸಿ (ಬ್ರಷ್ ಇಲ್ಲದ) ಮೋಟಾರಿನ ಸ್ಟ್ಯಾಂಡ್ ಫ್ಯಾನಾದರೆ 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಟ್ಟು 120ಕ್ಕೆ ಮುಗಿಸುತ್ತದೆ. ಹಳೆಯ ಫ್ಯಾನಿದ್ದರೆ ಒಟ್ಟು 344, ಹೊಸದಿದ್ದರೆ 244. ಬ್ಯಾಟರಿ ಪೆಟ್ಟಿಗೆಯೊಳಗಿನ ಇನ್ವರ್ಟರ್ ತನಗಾಗಿ ತಿನ್ನುವ ಪಾಲನ್ನು ಸೇರಿಸಿದರೆ ಕ್ರಮವಾಗಿ 400 ಮತ್ತು 285ರ ಹತ್ತಿರ ಬರುತ್ತದೆ. ಫ್ಯಾನು ಬದಲಾಯಿಸುವುದೊಂದರಿಂದಲೇ ಶೇ 29ರಷ್ಟು ಭಾರ ಇಳಿಯುವುದರಿಂದ, ದೊಡ್ಡ ಪ್ಯಾನೆಲ್ ಕೊಳ್ಳುವ ಮೊದಲು ಆ ಫ್ಯಾನನ್ನು ಕೊಳ್ಳಿರೆಂದು ನನ್ನ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ. ಹಾಗೆ ಮಾಡಿದರೆ 500 ವ್ಯಾಟ್ ಅವರ್‌ನ ಪೆಟ್ಟಿಗೆ ನಿಮ್ಮ ಮನೆಯ ಒಂದು ರಾತ್ರಿಗೆ ಧಾರಾಳವಾಗಿ ಸಾಲುತ್ತದೆ.

ಈ ಪೆಟ್ಟಿಗೆಯನ್ನು ತುಂಬುವವರು ಯಾರು ಎಂಬುದು ಮುಂದಿನ ಪ್ರಶ್ನೆ, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ನಿಮ್ಮಲ್ಲಿ ಕರೆಂಟು ಹೋಗುವುದು ರಾತ್ರಿ ಮೂರು ನಾಲ್ಕು ತಾಸು. ಉಳಿದ ಹೊತ್ತು ಇರುತ್ತದೆ. ಅಂದರೆ ದಿನನಿತ್ಯ ಪೆಟ್ಟಿಗೆಯನ್ನು ಗೋಡೆಯ ಪ್ಲಗ್ಗಿನಿಂದಲೇ ತುಂಬಿಸಬಹುದು, ಅದಕ್ಕೆ ಸೂರ್ಯನ ಹಂಗಿಲ್ಲ. ಪ್ಯಾನೆಲ್ಲಿನ ಅಗತ್ಯ ಬೀಳುವುದು ಮೇ ತಿಂಗಳ ಗಾಳಿ ಮಳೆಗೆ ಕಂಬ ಉರುಳಿ ಎರಡು ದಿನ ಕರೆಂಟೇ ಬಾರದಿದ್ದಾಗ, ಇಲ್ಲವೇ ಆನೆಗೊಂದಿಯ ಹೊಲದಲ್ಲಿ ಎರಡನೆಯ ದಿನ ಬೆಳಗಾದಾಗ. ಆದ್ದರಿಂದ ಪ್ಯಾನೆಲ್ಲಿನ ಗಾತ್ರವನ್ನು ಬೈಕಿನ ಮೇಲೆ ಒಯ್ಯಬಹುದಾದ ತೂಕ ನಿರ್ಧರಿಸಲಿ. ಮಡಚುವ 100 ವ್ಯಾಟಿನ ಪ್ಯಾನೆಲ್ ಸಾಮಾನ್ಯವಾಗಿ ನಾಲ್ಕೈದು ಕಿಲೋ ತೂಗುತ್ತದೆ, 200ರದು ಎಂಟರ ಹತ್ತಿರ ಹೋಗುತ್ತದೆ. ಹಿಂದೆ ಒಬ್ಬರು ಕುಳಿತು, ಡೇರೆಯನ್ನೂ ಕಟ್ಟಿಕೊಂಡು ಗಂಗಾವತಿ ದಾಟಿ ಹೋಗುವ ಬೈಕಿಗೆ ಆ ವ್ಯತ್ಯಾಸ ಸಣ್ಣದಲ್ಲ.

ಕೇವಲ ಮನೆಗಾಗಿ ಕೇಳಿದ್ದರೆ ನಾನು ಮಡಚುವ ಪ್ಯಾನೆಲ್ಲನ್ನು ಬೇಡವೆಂದೇ ಹೇಳುತ್ತಿದ್ದೆ. ಮಾಳಿಗೆಯ ಮೇಲೆ ಕೂರಿಸುವ ಗಾಜಿನ ಪ್ಯಾನೆಲ್ ಅಷ್ಟೇ ವ್ಯಾಟಿಗೆ ಬಹಳ ಅಗ್ಗ, ಅದಕ್ಕೆ ಸಾಮಾನ್ಯವಾಗಿ 25 ವರ್ಷಗಳ ಉತ್ಪಾದನಾ ಖಾತರಿ ಇರುತ್ತದೆ. ಮಡಚುವ ಪ್ಯಾನೆಲ್ಲಿಗೆ ಒಂದೆರಡು ವರ್ಷದ ಖಾತರಿ ಸಿಕ್ಕರೆ ಹೆಚ್ಚು.

ಈಗ ಜಾಹೀರಾತಿನ ಅಂಕಿಯ ವಿಷಯ. ಒಂದೇ ಪದರದ ಸಿಲಿಕಾನ್ ಕೋಶ ತತ್ವಶಃ ಮುಟ್ಟಬಹುದಾದ ಮಿತಿಯೇ ಶೇ 29ರ ಸುಮಾರಿಗಿದೆ. ಮಾರುಕಟ್ಟೆಯ ಒಳ್ಳೆಯ ಮೋನೋ (ಒಂದೇ ಹರಳಿನ ಸಿಲಿಕಾನ್) ಕೋಶಗಳು ಶೇ 22ರಿಂದ 24ರ ನಡುವೆ ಇರುತ್ತವೆ. ಬಟ್ಟೆಗೆ ಹೊಲಿದ ಮಡಚುವ ಪ್ಯಾನೆಲ್ಲಿನಲ್ಲಿ ಶೇ 28 ಎಂದು ಬರೆದವರು ಉಳಿದದ್ದನ್ನೂ ಹಾಗೆಯೇ ಬರೆದಿರುತ್ತಾರೆಂದು ತಿಳಿದು ದೂರವಿರಿ. ಸುಳ್ಳನ್ನು ಹಿಡಿಯಲು ಅಳತೆಪಟ್ಟಿಯೊಂದು ಸಾಕು: ಕಪ್ಪು ಕೋಶಗಳು ಮಾತ್ರ ಆವರಿಸಿದ ಜಾಗವನ್ನು ಅಳೆದರೆ 100 ವ್ಯಾಟಿಗೆ ಸುಮಾರು 5 ಚದರ ಅಡಿ ಇರಲೇಬೇಕು. ಕಳೆದ ವರ್ಷ ಒಬ್ಬ ರೈತರು ಆನ್‌ಲೈನಿನಲ್ಲಿ ತರಿಸಿದ, 200 ವ್ಯಾಟ್ ಎಂದು ದೊಡ್ಡದಾಗಿ ಅಚ್ಚಾದ ಪ್ಯಾನೆಲ್ಲನ್ನು ನನ್ನ ಅಂಗಡಿಗೆ ತಂದಿದ್ದರು. ಬಿಚ್ಚಿ ಹರವಿದರೆ ಎರಡು ಚದರ ಅಡಿಯೂ ಇರಲಿಲ್ಲ. ಅಂಗಡಿಯ ಮುಂದಿನ ಬಿಸಿಲಿನಲ್ಲಿ ಮೀಟರು ಹಚ್ಚಿದೆ. 20 ವೋಲ್ಟ್, 2 ಆಂಪಿಯರ್ ತೋರಿಸಿತು. ಖಾಲಿ ಇದ್ದಾಗಿನ ವೋಲ್ಟೇಜು ಭಾರ ಬಿದ್ದಾಗ ಇಳಿಯುವುದರಿಂದ ಅದರಿಂದ ಸಿಗುವುದು 30 ವ್ಯಾಟ್ ಅಷ್ಟೇ. ಎಣ್ಣೆ ಪಂಪಿನ 12 ವೋಲ್ಟ್ 12 ಆಂಪಿಯರ್ ಅವರ್ ಬ್ಯಾಟರಿ ಒಂದೂವರೆ ತಾಸಿನಲ್ಲಿ ತುಂಬುತ್ತದೆಂದು ನಂಬಿದ್ದ ಅವರು, ಇಡೀ ದಿನ ಬಿಸಿಲಿಗಿಟ್ಟರೂ ಸಾಲದೆಂದು ತಿಳಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ವಾಪಸು ಕೊಡುವ ಅವಧಿಯೂ ಮುಗಿದಿತ್ತು.

ಸಾಚಾ 100 ವ್ಯಾಟಿನ ಪ್ಯಾನೆಲ್ ಕೂಡ 100 ವ್ಯಾಟ್ ಕೊಡುವುದಿಲ್ಲ, ಅದು ಮೋಸವೂ ಅಲ್ಲ. ಆ ಅಂಕಿ ಪ್ರಯೋಗಶಾಲೆಯದು: ಚದರ ಮೀಟರಿಗೆ 1000 ವ್ಯಾಟಿನ ಬೆಳಕು, ಕೋಶದ ಉಷ್ಣತೆ 25 ಡಿಗ್ರಿ. ರಾಯಚೂರಿನ ಬೇಸಿಗೆಯಲ್ಲಿ ಗಾಳಿಯೇ 42 ಡಿಗ್ರಿ ಇದ್ದಾಗ ಕಪ್ಪು ಕೋಶ 65-70ಕ್ಕೆ ಏರುತ್ತದೆ, ಮತ್ತು 25ರ ಮೇಲಿನ ಪ್ರತಿ ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಶಕ್ತಿ ಸೋರಿಹೋಗುತ್ತದೆ. ಅಂದರೆ ಕೇವಲ ಕಾವಿನಿಂದ ಶೇ 15ರಷ್ಟು ನಷ್ಟ. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ, ಆದರೆ ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು. ಶಾಖ ಅದರ ಶತ್ರು. ವಿವರಪಟ್ಟಿಯಲ್ಲಿ ಉಷ್ಣತೆಯ ಗುಣಾಂಕ ಎಂಬ ಸಾಲನ್ನು ಹುಡುಕಿ, ಅದು 0.4ಕ್ಕಿಂತ 0.3ರ ಕಡೆಗಿರುವುದನ್ನು ಆರಿಸಿಕೊಳ್ಳಿ. ಆ ಸಾಲೇ ಇಲ್ಲದ ಪ್ಯಾನೆಲ್ಲನ್ನು ನಾನಂತೂ ಕೊಳ್ಳುವುದಿಲ್ಲ. ಧೂಳು, ತಂತಿ, ಸೂರ್ಯನ ಓರೆ ಎಲ್ಲ ಸೇರಿ ನನ್ನ ಪ್ಯಾನೆಲ್ ಮಧ್ಯಾಹ್ನ 65ರಿಂದ 72 ವ್ಯಾಟ್ ಕೊಡುತ್ತದೆ, ಮೋಡವಿಲ್ಲದ ದಿನ ಎರಡು ಮೂರು ಸಲ ತಿರುಗಿಸಿಟ್ಟರೆ ಒಟ್ಟು 350 ವ್ಯಾಟ್ ಅವರ್ ಆಗುತ್ತದೆ. ನಿಮ್ಮ 285ರ ರಾತ್ರಿಗೆ ಅದು ಸಾಲುತ್ತದೆ. ಜುಲೈ-ಆಗಸ್ಟಿನ ಮೋಡದ ದಿನಗಳಲ್ಲಿ ಅರ್ಧ ಸಿಕ್ಕರೂ ಸಮಾಧಾನಪಡಬೇಕು.

ಇಡುವ ರೀತಿಯಿಂದಲೂ ಬಹಳ ಉಳಿಸಬಹುದು. ನೆಲಕ್ಕೆ ಅಂಟಿಸಿಟ್ಟ ಪ್ಯಾನೆಲ್ಲಿನ ಬೆನ್ನಿಗೆ ಗಾಳಿ ತಾಗದೆ ಅದು ಇನ್ನಷ್ಟು ಕಾಯುತ್ತದೆ. ನಾನು ಮನೆಯಲ್ಲಿ ಹಗ್ಗದ ಹೊರಸಿನ ಮೇಲೆ ಹರವುತ್ತೇನೆ. ಹಗ್ಗದ ಸಂದಿನಿಂದ ಗಾಳಿಯಾಡುತ್ತದೆ, ಸೂರ್ಯ ಸರಿದಂತೆ ಒಂದು ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಓರೆ ಮಾಡಬಹುದು, ನಾಯಿ ಕೋಳಿಗಳು ತುಳಿಯುವುದಿಲ್ಲ. ಹೆಚ್ಚಿನ ಪ್ಯಾನೆಲ್ಲುಗಳ ಹಿಂದೆ ಇರುವ ಆನಿಕೆ ಕಾಲುಗಳು 40-45 ಡಿಗ್ರಿಗೆ ನಿಲ್ಲುತ್ತವೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಹಾಗೆ ನಿಲ್ಲಿಸುವುದು ನಮ್ಮ ಅಕ್ಷಾಂಶಕ್ಕೆ ತಕ್ಕದ್ದೇ. ಆದರೆ ರಾಯಚೂರು 16 ಡಿಗ್ರಿ ಉತ್ತರದಲ್ಲಿರುವುದರಿಂದ ಮೇ ಮೊದಲ ವಾರದಲ್ಲಿ ಸೂರ್ಯ ನಡುಹಗಲಿಗೆ ನೆತ್ತಿಯ ನೇರಕ್ಕೆ ಬರುತ್ತಾನೆ, ಅಲ್ಲಿಂದ ಆಗಸ್ಟ್ ಮೊದಲ ಭಾಗದವರೆಗೆ ಮಧ್ಯಾಹ್ನದಲ್ಲಿ ತುಸು ಉತ್ತರಕ್ಕೇ ಇರುತ್ತಾನೆ. ಆ ದಿನಗಳಲ್ಲಿ 45 ಡಿಗ್ರಿಗೆ ನಿಲ್ಲಿಸಿದರೆ ನೇರ ಬೆಳಕಿನ ಶೇ 30ರಷ್ಟು ಸುಮ್ಮನೆ ಹೋಗುತ್ತದೆ, ಮಲಗಿಸಿಡುವುದೇ ಸರಿ. ನೆರಳಿನ ಬಗ್ಗೆಯೂ ಎಚ್ಚರವಿರಲಿ. ಕೋಶಗಳು ಸಾಲಾಗಿ ಒಂದಕ್ಕೊಂದು ಜೋಡಣೆಯಾಗಿರುವುದರಿಂದ, ಪ್ಯಾನೆಲ್ಲಿನದೇ ಕೈಹಿಡಿಯ ಪಟ್ಟಿ ಜೋತುಬಿದ್ದು ಒಂದು ಕೋಶವನ್ನು ಮುಚ್ಚಿದರೆ ಇಡೀ ಸಾಲು ಕುಂಟುತ್ತದೆ.

ಬ್ಯಾಟರಿ ಪೆಟ್ಟಿಗೆಯನ್ನು ಆರಿಸುವಾಗ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದನ್ನೇ ಕೇಳಿ. ಅದು ಎರಡು ಸಾವಿರ ಸಲಕ್ಕಿಂತ ಹೆಚ್ಚು ತುಂಬಿ ಬರಿದಾಗಬಲ್ಲದು, ಬಿಸಿಯನ್ನೂ ಇತರ ಲಿಥಿಯಂ ಜಾತಿಗಳಿಗಿಂತ ಸುರಕ್ಷಿತವಾಗಿ ತಾಳುತ್ತದೆ. ಆದರೂ ಚಾರ್ಜ್ ಮಾಡುವಾಗಿನ ಮಿತಿ ಸಾಮಾನ್ಯವಾಗಿ 45 ಡಿಗ್ರಿ. ಒಂದು ಏಪ್ರಿಲಿನಲ್ಲಿ ನಾವು ಆನೆಗೊಂದಿ ಪಕ್ಕದ ಸಾಣಾಪುರದ ಹತ್ತಿರ ಬಂಡೆಯ ಮೇಲೆ ಪ್ಯಾನೆಲ್ ಹರವಿ, ತಂತಿ ಗಿಡ್ಡವಿದ್ದುದರಿಂದ ಪೆಟ್ಟಿಗೆಯನ್ನು ಅದರ ಅಡಿಯಲ್ಲೇ ಇಟ್ಟಿದ್ದೆವು. ಹನ್ನೊಂದೂವರೆಗೆ ಪರದೆಯ ಮೇಲೆ ಉಷ್ಣಮಾಪಕದ ಚಿತ್ರ ಮಿಣುಕತೊಡಗಿತು, ಒಳಬರುವ ವ್ಯಾಟ್ ಸೊನ್ನೆಯಾಯಿತು. ಪೆಟ್ಟಿಗೆಯ ತಳಕ್ಕೆ ಕೈಯಿಟ್ಟರೆ ಹಂಚಿನಂತೆ ಸುಡುತ್ತಿತ್ತು: ಮೇಲಿನಿಂದ ಪ್ಯಾನೆಲ್ಲಿನ ಕಾವು, ಕೆಳಗಿನಿಂದ ಬಂಡೆಯ ಕಾವು. ಹುಣಸೆ ಮರದ ನೆರಳಿಗೆ ಒಯ್ದು ಇಟ್ಟ ಮೇಲೆ ಅದು ಮತ್ತೆ ಚಾರ್ಜ್ ತೆಗೆದುಕೊಳ್ಳಲು ಒಂದೂವರೆ ತಾಸು ಬೇಕಾಯಿತು, ಆ ದಿನದ ಒಳ್ಳೆಯ ಬಿಸಿಲೆಲ್ಲ ಅಲ್ಲಿಗೆ ವ್ಯರ್ಥವಾಯಿತು. ಅಂದಿನಿಂದ ಐದು ಮೀಟರಿನ ಪ್ರತ್ಯೇಕ ತಂತಿಯನ್ನು ಜೊತೆಗೇ ಒಯ್ಯುತ್ತೇನೆ, ಬೇಸಿಗೆಯಲ್ಲಿ ಬೆಳಿಗ್ಗೆ ಏಳರಿಂದ ಹನ್ನೊಂದರ ಒಳಗೆ ಸಾಧ್ಯವಾದಷ್ಟು ತುಂಬಿಸಿಕೊಳ್ಳುತ್ತೇನೆ. ತಂತಿ ಸಪೂರವಾಗಿರಬಾರದು. ಐದೂವರೆ ಆಂಪಿಯರ್ ಹರಿಯುವಾಗ 0.75 ಚದರ ಮಿಲಿಮೀಟರಿನ ತಂತಿ ಹೋಗಿಬರುವ ಹತ್ತು ಮೀಟರಿನಲ್ಲಿ ಸುಮಾರು 1.4 ವೋಲ್ಟ್ ತಿನ್ನುತ್ತದೆ, 2.5ರದು ಅರ್ಧ ವೋಲ್ಟನ್ನೂ ತಿನ್ನುವುದಿಲ್ಲ. ತಗಡಿನ ಮನೆಯಾದರೆ ಮೇ ಮಧ್ಯಾಹ್ನ ಒಳಗಿನ ನೆರಳೂ ಸಾಲದು. ಗಾಳಿಯಾಡುವ ಮರದ ಕೆಳಗೆ ಇಡಿ.

ಪೆಟ್ಟಿಗೆಯ ಸೋಲಾರ್ ಕಿಂಡಿಯ ಬಳಿ 12ರಿಂದ 28 ವೋಲ್ಟ್ ಎಂಬಂತಹ ಮಿತಿ ಬರೆದಿರುತ್ತದೆ. ಪ್ಯಾನೆಲ್ಲಿನ ತೆರೆದ ವೋಲ್ಟೇಜು, ಅಂದರೆ ಏನನ್ನೂ ಜೋಡಿಸದಿದ್ದಾಗ ಬರುವ ವೋಲ್ಟೇಜು, ಆ ಮೇಲಿನ ಅಂಕಿಗಿಂತ ಕಡಿಮೆಯೇ ಇರಬೇಕು. 100 ವ್ಯಾಟಿನ ಒಂದು ಪ್ಯಾನೆಲ್ಲಿಗೆ ಅದು 21ರಿಂದ 24 ಇರುತ್ತದೆ. ಮುಂದೆ ಇನ್ನೊಂದನ್ನು ಕೊಂಡು ಎರಡನ್ನೂ ಸರಣಿಯಲ್ಲಿ (ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ಸು) ಜೋಡಿಸಿದರೆ 45ರ ಹತ್ತಿರ ಹೋಗಿ, ಪೆಟ್ಟಿಗೆಯೊಳಗೆ ಚಾರ್ಜನ್ನು ನಿಯಂತ್ರಿಸುವ ಕಂಟ್ರೋಲರ್ ಸುಡಬಹುದು, ಸಮಾಂತರದಲ್ಲಿ (ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು) ಜೋಡಿಸಿದರೆ ಆ ಭಯವಿಲ್ಲ. ಕಂಟ್ರೋಲರ್ ಎಂಪಿಪಿಟಿ (ಪ್ಯಾನೆಲ್ ಹೆಚ್ಚು ಶಕ್ತಿ ಕೊಡುವ ವೋಲ್ಟೇಜನ್ನು ತಾನೇ ಹುಡುಕಿಕೊಳ್ಳುವ) ಮಾದರಿಯದಾಗಿರಲಿ, ಏಕೆಂದರೆ ಅಗ್ಗದ ಪಿಡಬ್ಲ್ಯೂಎಂ ಮಾದರಿ 18 ವೋಲ್ಟಿನ ಪ್ಯಾನೆಲ್ಲನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ಕೂರಿಸಿ ನಡುವಿನದನ್ನು ಕಳೆಯುತ್ತದೆ. ಪ್ಯಾನೆಲ್ಲಿನ ಬೆನ್ನಿಗಿರುವ ಯುಎಸ್‌ಬಿ ಕಿಂಡಿಗೆ ಮೊಬೈಲನ್ನು ನೇರವಾಗಿ ಹಚ್ಚಬೇಡಿ, ಮೋಡ ಬಂದು ಹೋದಂತೆಲ್ಲ ಚಾರ್ಜ್ ನಿಂತು ನಿಂತು ಶುರುವಾಗುತ್ತದೆ. ನಡುವೆ ಪವರ್ ಬ್ಯಾಂಕ್ ಇರಲಿ.

ಒಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ಪೆಟ್ಟಿಗೆಯ 230 ವೋಲ್ಟ್ ಕಿಂಡಿಯಿಂದ ಎರಡೂ ತುದಿಗೆ ಪ್ಲಗ್ಗಿರುವ ತಂತಿಯನ್ನು ಮನೆಯ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಕರೆಂಟು ಹರಿಸುವವರನ್ನು ಕಂಡಿದ್ದೇನೆ. ಆ ಕರೆಂಟು ಹಿಂದಕ್ಕೆ ಹರಿದು, ಕಂಬದ ಮೇಲೆ ತಂತಿ ಜೋಡಿಸುತ್ತಿರುವ ಲೈನ್‌ಮನ್‌ನ ಜೀವ ತೆಗೆಯಬಲ್ಲದು. ಫ್ಯಾನು, ಬಲ್ಬುಗಳನ್ನು ಪೆಟ್ಟಿಗೆಗೇ ನೇರವಾಗಿ ಹಚ್ಚಿಕೊಳ್ಳಿ.

ಪ್ಯಾನೆಲ್ಲಿನ ಮೇಲ್ಪದರ ಬಿಸಿಲು ತಾಳುವ ಪ್ಲಾಸ್ಟಿಕ್ಕಾದ ಇಟಿಎಫ್‌ಇ ಇದೆಯೇ ಎಂದು ನೋಡಿ. ಪಿಇಟಿ ಪ್ಲಾಸ್ಟಿಕ್ಕಿನ ಹೊದಿಕೆ ನಮ್ಮ ಬಿಸಿಲಿಗೆ ಬೇಗ ಹಳದಿಯಾಗಿ ಗುಳ್ಳೆ ಏಳುತ್ತದೆ. ಸಂಡೂರಿನ ಕೆಂಧೂಳಾಗಲಿ, ಅಕ್ಕಿ ಗಿರಣಿಯ ಬೂದಿಯಾಗಲಿ ಕೂತರೆ ಒಣಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ನೀರು ಹಾಕಿ, ಆಮೇಲೆ ಮೆತ್ತಗೆ ಒರೆಸಿ.

ಪ್ಯಾನೆಲ್ ಕೈಗೆ ಬಂದ ದಿನವೇ, ಮೋಡವಿಲ್ಲದಿದ್ದರೆ ಹನ್ನೊಂದರಿಂದ ಒಂದರ ನಡುವೆ, ಸೂರ್ಯನಿಗೆ ನೇರ ಮುಖ ಮಾಡಿಸಿ ಮಲ್ಟಿಮೀಟರಿನಿಂದ ಪರೀಕ್ಷಿಸಿ. ಕೆಂಪು ಕಡ್ಡಿಯನ್ನು 10 ಆಂಪಿಯರ್ ಕಿಂಡಿಗೆ ಹಾಕಿಯೇ ಶಾರ್ಟ್ ಕರೆಂಟ್ (ಪ್ಯಾನೆಲ್ಲಿನ ಎರಡೂ ತುದಿ ಮೀಟರಿನ ಮೂಲಕ ನೇರ ಕೂಡಿದಾಗ ಹರಿಯುವ ಕರೆಂಟು) ಅಳೆಯಬೇಕು, ಇಲ್ಲದಿದ್ದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಸುಮಾರು 18 ವೋಲ್ಟಿನಲ್ಲಿ ಕೆಲಸ ಮಾಡುವ ಸಾಚಾ 100 ವ್ಯಾಟಿನ ಪ್ಯಾನೆಲ್ ಐದು ಆಂಪಿಯರಿನ ಆಸುಪಾಸು ತೋರಿಸಬೇಕು. ಅಳೆಯುತ್ತಿರುವಾಗಲೇ ಮಡಿಕೆಗಳನ್ನು ಒಂದೊಂದಾಗಿ ಸ್ವಲ್ಪ ಅಲ್ಲಾಡಿಸಿ ನೋಡಿ. ಅಂಕಿ ಹಾರಾಡಿದರೆ ಒಳಗಿನ ತಂತಿಯ ಬೆಸುಗೆ ಸಡಿಲವಾಗಿದೆ. ನಾಲ್ಕಕ್ಕಿಂತ ಕೆಳಗೆ ಬಂದರೂ, ಅಂಕಿ ಹಾರಾಡಿದರೂ, ಮೀಟರು ಮತ್ತು ಪ್ಯಾನೆಲ್ ಒಟ್ಟಿಗೆ ಕಾಣುವಂತೆ ಫೋಟೋ ತೆಗೆದು ಅದೇ ಡಬ್ಬಿಯಲ್ಲಿ ಅಂದೇ ವಾಪಸು ಕಳುಹಿಸಿ.