ಅಪ್ಪನ ಫಿಲ್ಮ್ ಲೆನ್ಸು, ಮಗನ ಡಿಜಿಟಲ್ ಬಾಡಿ

ಮಳೆ ಹಿಂದೆ ಸರಿದು ಮದುವೆ ಸೀಸನ್ ಹತ್ತಿರ ಬಂತು ಅಂದರೆ ನನಗೆ ಬರುವ ಪ್ರಶ್ನೆಗಳು ಎಲ್ಲ ಒಂದೇ ಥರ. ಯಾರದೋ ಮನೆಯ ಮೆತ್ತಿನಿಂದ ಒಂದು ಕ್ಯಾಮೆರಾ ಬ್ಯಾಗ್ ಇಳಿದಿರುತ್ತದೆ. ಅದರಲ್ಲಿರುವುದನ್ನೆಲ್ಲ ಡಿಜಿಟಲ್‌ಗೆ ಹಾಕಬಹುದಾ ಅಂತ ಕೇಳುತ್ತಾರೆ. 1993ರಿಂದ ಕಾರವಾರದಲ್ಲಿ ಸ್ಟುಡಿಯೋ ನಡೆಸುತ್ತಿದ್ದೇನೆ, 2006ರ ತನಕ ಪೂರ್ತಿ ಫಿಲ್ಮಿನಲ್ಲೇ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇಬಿಡುತ್ತೇನೆ. ಅಪರ್ಚರ್ ಅಂದರೇನು, ಶಟರ್ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ದಯವಿಟ್ಟು ಮದುವೆ ಒಪ್ಪಿಕೊಳ್ಳಬೇಡಿ.

ಶಿರಸಿ ಹತ್ತಿರದ ಒಬ್ಬರು: ನಮ್ಮಪ್ಪ 25 ವರ್ಷ ಮದುವೆ ಫೋಟೋ ತೆಗೆದವರು. ಅವರ ನಿಕಾನ್ ಎಫ್‌ಎಂ2 ಫಿಲ್ಮ್ ಕ್ಯಾಮೆರಾ, ಜೊತೆಗೆ 28, 50, 135 ಎಂಎಂ ಲೆನ್ಸುಗಳು, ಒಂದು ಹಳೆಯ ಫ್ಲ್ಯಾಶ್ ಇವೆ. ಸೆಕೆಂಡ್‌ಹ್ಯಾಂಡ್ ನಿಕಾನ್ ಡಿ5600 ಡಿಜಿಟಲ್ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ತಗೊಂಡು ನಾನೂ ಕೆಲಸ ಶುರು ಮಾಡಬೇಕು ಅಂತಿದ್ದೇನೆ. ಮಾರುವವರು "ಎಲ್ಲ ಆಗ್ತದೆ" ಅಂದರು. ಹೌದಾ?

ಅವರಿಗೆ ಬಾಡಿ ಮಾರಬೇಕಿತ್ತು ತಮ್ಮಾ, ಅದಕ್ಕೇ ಹಾಗಂದರು. ನನ್ನ ಮಗನ ವಯಸ್ಸಿನವನು, ನೀನು ಅಂತಲೇ ಬರೆಯುತ್ತೇನೆ.

ಲೆನ್ಸ್ ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ. ಲೆನ್ಸ್ ಕೂರುವ ಬಾಯಿಗೆ ಮೌಂಟ್ ಅನ್ನುತ್ತೇವೆ; ನಿಕಾನ್ 1959ರಲ್ಲಿ ತಂದ ಎಫ್ ಮೌಂಟೇ ಡಿ5600ರಲ್ಲೂ ಇರುವುದು. ಹಾಗಾಗಿ ಅಪ್ಪನ ಲೆನ್ಸ್ ಟಕ್ ಅಂತ ಕೂರುತ್ತದೆ. ನೀನು ಖುಷಿಯಾಗುತ್ತೀಯ. ಆಮೇಲೆ ನೋಡಿದರೆ ಬೆಳಕು ಅಳೆಯುವ ಮೀಟರೇ ಇಲ್ಲ. ಆ ಲೆನ್ಸಿನಲ್ಲಿ ಅಪರ್ಚರ್ ಎಷ್ಟಿದೆ ಅಂತ ಓದುವ ವ್ಯವಸ್ಥೆ ಆ ಬಾಡಿಯಲ್ಲಿ ಇಲ್ಲ. ಮ್ಯಾನ್ಯುಯಲ್‌ನಲ್ಲಿ ಇಟ್ಟು ಅಂದಾಜಿನ ಮೇಲೆ ಹೊಡೆಯಬೇಕು. ಡಿ3000, ಡಿ5000 ಸಾಲಿನ ಬಾಡಿಗಳೆಲ್ಲ ಹೀಗೇ.

ಡಿ7000, ಡಿ7100, ಡಿ7200 ನೋಡು. ಮೌಂಟಿನ ಅಂಚಿನಲ್ಲಿ ಒಂದು ಪುಟ್ಟ ಕೊಂಡಿ ಇರುತ್ತದೆ. ಅದು ಲೆನ್ಸಿನ ರಿಂಗ್ ಎಲ್ಲಿ ತಿರುಗಿದೆ ಅಂತ ಓದುತ್ತದೆ. ಮೆನುವಿನಲ್ಲಿ ಲೆನ್ಸ್ ಎಷ್ಟು ಎಂಎಂ, ಅದರ ದೊಡ್ಡ ಅಪರ್ಚರ್ ಎಷ್ಟು ಅಂತ ತುಂಬಿದರೆ ಸಾಕು, ಮೀಟರ್ ಸರಿಯಾಗಿ ನಡೆಯುತ್ತದೆ. ಹಾಗಂತ ಇನ್ನೂ ಹೊಸದು ಅಂತ ಡಿ7500 ತರಬೇಡ. ಅದರಲ್ಲಿ ಆ ಕೊಂಡಿಯನ್ನೇ ತೆಗೆದಿದ್ದಾರೆ. ಇದನ್ನು ತಿಳಿಯದೆ ತಂದವರು ಇಬ್ಬರು ನನ್ನ ಸ್ಟುಡಿಯೋಕ್ಕೆ ಬಂದು ಕೂತಿದ್ದರು. ನಾನೇನು ಮಾಡಲಿ?

ಇನ್ನೊಂದು. ಅಪ್ಪನ ಲೆನ್ಸುಗಳು 1977ರ ನಂತರದವಾ, ಮೊದಲಿನವಾ? 1977ರಲ್ಲಿ ನಿಕಾನ್ ಎಐ ಅನ್ನುವ ರಿಂಗ್ ತಂದಿತು. ಈಗ ಎಲ್ಲರ ಬಾಯಲ್ಲಿರುವ ಎಐ ಅಲ್ಲ, ಮಾರಾಯ. ಅಪರ್ಚರ್ ಅಂಕಿಗಳು ರಿಂಗಿನ ಮೇಲೆ ಎರಡು ಸಾಲಿನಲ್ಲಿ, ಹಿಂದಿನ ಸಾಲು ಸಣ್ಣದಾಗಿ ಇದ್ದರೆ ಅದು ಎಐ. ಒಂದೇ ಸಾಲು ಇದ್ದರೆ ಹಳೆಯದು ಅಂತಲೇ ತಿಳಿದು ನನ್ನಂಥವರ ಹತ್ತಿರ ತೋರಿಸು. ಅದನ್ನು ಒತ್ತಿ ಹಾಕಿದರೆ ಡಿ7000ರ ಆ ಕೊಂಡಿ ಮುರಿಯುತ್ತದೆ. ಎಫ್‌ಎಂ2 ಬಂದದ್ದು 1982ರಲ್ಲಿ. ಅದರ ಜೊತೆಗೇ ಕೊಂಡ ಲೆನ್ಸಾದರೆ ಹೆದರಬೇಕಾಗಿಲ್ಲ.

ಆಮೇಲೆ ಸೆನ್ಸರ್, ಅಂದರೆ ಫಿಲ್ಮಿನ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಚಿಪ್, ಅದರ ಗಾತ್ರ. ಫಿಲ್ಮಿನ ಫ್ರೇಮ್ 36 × 24 ಎಂಎಂ. ಈ ಬಾಡಿಗಳ ಸೆನ್ಸರ್ ಅದಕ್ಕಿಂತ ಚಿಕ್ಕದು. ಅಪ್ಪನ 28 ಎಂಎಂ ನಿನ್ನ ಕೈಯಲ್ಲಿ 42ರಂತೆ ಕಾಣುತ್ತದೆ. ಅವರು ಜಗುಲಿಯಲ್ಲೇ ನಿಂತು ಇಡೀ ಕುಟುಂಬ ಹಿಡಿಯುತ್ತಿದ್ದರು. ನೀನು ಅಂಗಳಕ್ಕೆ ಇಳಿದು, ಅಲ್ಲಿಂದ ತೋಟಕ್ಕೂ ಇಳಿಯಬೇಕಾದೀತು. ಹಾಗಂತ ಎಲ್ಲ ನಷ್ಟವೇ ಅಲ್ಲ. 50 ಎಂಎಂ 75ರಂತಾಗಿ ಮುಖದ ಫೋಟೋಕ್ಕೆ ಚೆಂದ. 135 ಸುಮಾರು 200 ಆಗುತ್ತದೆ. ಯಕ್ಷಗಾನದ ಆಟದಲ್ಲಿ ಹಿಂದೆ ಕೂತು ವೇಷದ ಮುಖ ಹಿಡಿಯಲು ನನಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಫೋಕಸ್ ಮಾತ್ರ ಕೈಯಲ್ಲೇ. ಎಫ್‌ಎಂ2ರಲ್ಲಿ ನಡುವೆ ಎರಡು ಹೋಳಾದ ವೃತ್ತ ಇರುತ್ತಿತ್ತು, ಗೆರೆ ಕೂಡಿದರೆ ಫೋಕಸ್ ಬಂತು ಅಂತ. ಡಿಜಿಟಲ್ ಎಸ್‌ಎಲ್‌ಆರ್‌ನಲ್ಲಿ (ಮೇಲೆ ಹೇಳಿದ, ಒಳಗೆ ಕನ್ನಡಿ ಇರುವ ಬಾಡಿಗಳು) ಅದಿಲ್ಲ, ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಮಾತ್ರ. ಧಾರೆಯ ಹೊತ್ತಿಗೆ ನೀನು ಚುಕ್ಕೆ ಹುಡುಕುತ್ತ ಇದ್ದರೆ ಭಟ್ಟರು ಕಾಯುವುದಿಲ್ಲ. ಹಣ ಇದ್ದರೆ ನಿಕಾನ್ ಮಿರರ್‌ಲೆಸ್ (ಕನ್ನಡಿ ಇಲ್ಲದ) ಬಾಡಿ, ಮೇಲೆ ಹಳೆಯ ಲೆನ್ಸ್ ಕೂರಿಸಲು ನಿಕಾನ್‌ನದೇ ಎಫ್‌ಟಿಜೆಡ್ ಅಡಾಪ್ಟರ್. ಫೋಕಸ್ ಆದ ಅಂಚಿಗೆ ಪರದೆಯಲ್ಲೇ ಬಣ್ಣ ಬರುತ್ತದೆ, ಮೀಟರೂ ನಡೆಯುತ್ತದೆ. ಎಷ್ಟಾದರೂ ಮದುವೆಗೆ ಒಂದು ಆಟೋಫೋಕಸ್ ಜೂಮ್ ಬೇಕೇ ಬೇಕು. ಅಪ್ಪನ ಲೆನ್ಸುಗಳ ಮೇಲೆ ಪ್ರೀತಿ ಇರಲಿ, ಹೊಟ್ಟೆಪಾಡನ್ನು ಅವುಗಳ ಮೇಲೆ ಹಾಕಬೇಡ.

(ಕ್ಯಾನನ್‌ನವರೂ ಕೇಳುತ್ತಾರೆ. 1987ಕ್ಕೆ ಮೊದಲಿನ ಎಫ್‌ಡಿ ಲೆನ್ಸುಗಳು ಅದರ ಡಿಜಿಟಲ್ ಎಸ್‌ಎಲ್‌ಆರ್‌ಗೆ ನೇರ ಕೂರುವುದಿಲ್ಲ. ನಡುವೆ ಗಾಜಿರುವ ಅಡಾಪ್ಟರ್ ಹಾಕಿದರೆ ಚಿತ್ರ ಕೆಡುತ್ತದೆ. ಮಿರರ್‌ಲೆಸ್‌ಗೆ ಬರೀ ಒಂದು ರಿಂಗ್ ಸಾಕು.)

ಫ್ಲ್ಯಾಶ್ ವಿಷಯದಲ್ಲಿ ತಮಾಷೆ ಬೇಡ. ಆ ಫ್ಲ್ಯಾಶನ್ನು ಡಿಜಿಟಲ್ ಬಾಡಿಯ ತಲೆಗೆ ಏರಿಸಬೇಡ. ಹಳೆಯ ಕ್ಯಾಮೆರಾಗಳಲ್ಲಿ ಶಟರ್ ತೆರೆದಾಗ ಎರಡು ಲೋಹದ ತುದಿ ಕೂಡಿ ಫ್ಲ್ಯಾಶ್ ಹೊಡೆಯುತ್ತಿತ್ತು. ಆ ತುದಿಗಳ ನಡುವೆ 200 ವೋಲ್ಟ್ ಹರಿದರೂ ಅವಕ್ಕೆ ಏನೂ ಆಗುತ್ತಿರಲಿಲ್ಲ. ಈಗ ಆ ಕೆಲಸ ಒಂದು ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್ಚಿನದು. ನಿಕಾನ್ ತನ್ನ ಕೈಪಿಡಿಯಲ್ಲಿ 250 ವೋಲ್ಟ್ ಮಿತಿ ಹೇಳುತ್ತದೆ, ಕೆಲವು ಹಳೆಯ ಕ್ಯಾನನ್ ಡಿಜಿಟಲ್ ಬಾಡಿಗಳಿಗೆ ಮಿತಿ ಬರೀ 6 ವೋಲ್ಟ್. ಅಪ್ಪನ ಫ್ಲ್ಯಾಶಿನಲ್ಲಿ ಎಷ್ಟಿದೆ ಅಂತ ಮಲ್ಟಿಮೀಟರ್ ಹಿಡಿದು ನೋಡದೆ ಯಾರಿಗೂ ಗೊತ್ತಾಗುವುದಿಲ್ಲ. "ನಾನು ಹಾಕಿದ್ದೆ, ಏನೂ ಆಗಲಿಲ್ಲ" ಅನ್ನುವವರು ಸಿಗುತ್ತಾರೆ. ಆಗುವ ತನಕ ಏನೂ ಆಗುವುದಿಲ್ಲ. ಇನ್ನು ಟಿಟಿಎಲ್ ಫ್ಲ್ಯಾಶ್ (ಲೆನ್ಸಿನೊಳಗೆ ಬಂದ ಬೆಳಕನ್ನು ಕ್ಯಾಮೆರಾವೇ ಅಳೆದು ಫ್ಲ್ಯಾಶ್ ನಿಲ್ಲಿಸುವಂಥದ್ದು) ಇಟ್ಟುಕೊಂಡವರಿಗೆ: ಆಗ ಕ್ಯಾಮೆರಾ ಫಿಲ್ಮಿನ ಮೈಯಿಂದ ಮರಳಿ ಬರುವ ಬೆಳಕನ್ನು ಅಳೆಯುತ್ತಿತ್ತು. ಸೆನ್ಸರ್ ಫಿಲ್ಮಿನಂತೆ ಬೆಳಕು ಮರಳಿಸುವುದಿಲ್ಲ. ಹಾಗಾಗಿ ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೊಸ ಫ್ಲ್ಯಾಶ್ ತಗೊಳ್ಳಿ.

ಈಗ ನೀನು ಕೇಳದೇ ಇದ್ದದ್ದು. ಅಪ್ಪ ಕಲಿಸಿದ ಒಂದು ಅಭ್ಯಾಸ ಬಿಡಬೇಕು. ಅವರೂ ನನ್ನಂತೆ "ಸಂಶಯ ಬಂದರೆ ಒಂದು ಸ್ಟಾಪ್ ಜಾಸ್ತಿ ಕೊಡು", ಅಂದರೆ ಬೆಳಕು ಎರಡು ಪಟ್ಟು ಮಾಡು, ಅಂತಲೇ ಹೇಳಿರುತ್ತಾರೆ. ಕಲರ್ ನೆಗೆಟಿವ್‌ಗೆ ಅದು ಸರಿ. ಎರಡು ಸ್ಟಾಪ್ ಜಾಸ್ತಿಯಾದರೂ ಪ್ರಿಂಟ್ ಬರುತ್ತಿತ್ತು, ಕಡಿಮೆಯಾದರೆ ಮಾತ್ರ ನೆರಳೆಲ್ಲ ಕೆಸರು. ಡಿಜಿಟಲ್‌ನಲ್ಲಿ ತಿರುಗಾಮುರುಗಾ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಇಟ್ಟ ಕಚ್ಚಾ ಫೈಲು) ತೆಗೆದರೆ ಕತ್ತಲನ್ನು ಸ್ವಲ್ಪ ಮೇಲೆತ್ತಬಹುದು. ಬಿಳಿ ಒಮ್ಮೆ ಹಾರಿಹೋಯಿತೋ, ಬ್ರಹ್ಮ ಬಂದರೂ ತರುವುದಿಲ್ಲ.

2006ರಲ್ಲಿ ನಾನು ಮೊದಲ ಡಿಜಿಟಲ್ ಬಾಡಿ ತಂದೆ, 6 ಮೆಗಾಪಿಕ್ಸೆಲ್. ಮೊದಲ ಕೆಲಸ ಸಿದ್ದಾಪುರ ಕಡೆಯ ಒಂದು ಮದುವೆ. ಮಧ್ಯಾಹ್ನದ ಬಿಸಿಲು, ಸೋಗೆಯ ಚಪ್ಪರದ ಸಂದಿಯಿಂದ ಬೆಳಕಿನ ತುಣುಕು. ನಾನು ಹಳೆಯ ರೂಢಿಯಂತೆ ಒಂದು ಸ್ಟಾಪ್ ಜಾಸ್ತಿ ಇಟ್ಟು, ಜೆಪೆಗ್‌ನಲ್ಲಿ ಹೊಡೆದೆ. ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲ ಚೆಂದ ಕಂಡಿತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ವರನ ಪಂಚೆ, ಶಲ್ಯ, ಮಾವನ ಪಂಚೆ ಎಲ್ಲ ಸೇರಿ ಒಂದೇ ಬಿಳಿ ಹಾಳೆ. ಜರಿ ಎಲ್ಲಿ, ಮಡಿಕೆ ಎಲ್ಲಿ? ಆಲ್ಬಮ್ ಕೊಡಲು ಹೋದಾಗ ಹುಡುಗಿಯ ಅಜ್ಜಿ ಕೇಳಿದರು, "ಇದು ಮಂಜಿನಲ್ಲಿ ತೆಗೆದಿದ್ದಾ?" ಅರ್ಧ ಹಣ ಬಿಟ್ಟು ಬಂದೆ. ಅವತ್ತಿನಿಂದ ನಾನು ನೋಡುವುದು ಹಿಸ್ಟೋಗ್ರಾಮ್ ಮಾತ್ರ, ಅಂದರೆ ಫೋಟೋದ ಕತ್ತಲನ್ನು ಎಡಕ್ಕೆ, ಬಿಳಿಯನ್ನು ಬಲಕ್ಕೆ ಗುಡ್ಡದಂತೆ ತೋರಿಸುವ ಚಿತ್ರ. ಬಲಗಡೆಯ ಗೋಡೆಗೆ ಗುಡ್ಡ ತಾಗಿದರೆ ಕೆಳಗೆ ಇಳಿಸು. ಪರದೆ ಬಿಸಿಲಲ್ಲಿ ಕಪ್ಪಾಗಿ, ರಾತ್ರಿ ಬೆಳ್ಳಗಾಗಿ ಕಾಣುತ್ತದೆ, ಅದನ್ನು ನಂಬಬೇಡ.

ಅಪ್ಪನ ಕಾಲದಲ್ಲಿ ನಮ್ಮ ತಪ್ಪು ಮುಚ್ಚಲು ಇನ್ನೊಬ್ಬ ಇದ್ದ. ರೋಲುಗಳನ್ನು ಕಂಡಕ್ಟರ್ ಕೈಯಲ್ಲಿ ಕೊಟ್ಟು ಹುಬ್ಬಳ್ಳಿ ಲ್ಯಾಬಿಗೆ ಕಳಿಸುತ್ತಿದ್ದೆವು. ಅಲ್ಲಿ ಪ್ರಿಂಟರ್ ಮುಂದೆ ಕೂತವನು ಫ್ರೇಮ್ ಫ್ರೇಮಿಗೂ ಬಣ್ಣ, ಗಾಢತೆಯ ಗುಂಡಿ ಒತ್ತಿ ಸರಿ ಮಾಡುತ್ತಿದ್ದ. ಹಳದಿ ಶಾಮಿಯಾನದ ಕೆಳಗೆ ಕಾಮಾಲೆ ಬಂದಂತಿದ್ದ ಮುಖ ಪ್ರಿಂಟಿನಲ್ಲಿ ಮನುಷ್ಯರ ಬಣ್ಣಕ್ಕೆ ಬರುತ್ತಿತ್ತು. ನಾವು ಅದನ್ನು ನಮ್ಮದೇ ಕೈಚಳಕ ಅಂದುಕೊಂಡಿದ್ದೆವು! ಈಗ ಆ ಕುರ್ಚಿಯಲ್ಲಿ ಕೂರುವವನು ನೀನೇ. ತೋಟದ ಹಸಿರು ಬೆಳಕು, ಶಾಮಿಯಾನದ ಬಣ್ಣ ಎಲ್ಲ ನಿನ್ನ ತಲೆಮೇಲೆ. ಬೆಳಕು ಬದಲಾದ ಪ್ರತಿ ಜಾಗದಲ್ಲೂ ಬೂದು ಕಾರ್ಡ್ ಹಿಡಿಸಿ ಒಂದು ಫ್ರೇಮ್ ತೆಗೆದಿಟ್ಟುಕೋ. ರಾತ್ರಿ ಕೂತು ಬಣ್ಣ ಸರಿ ಮಾಡುವಾಗ ನನ್ನನ್ನು ನೆನೆಯುತ್ತೀಯ. ಮದುವೆಯ ರೇಟ್ ಹೇಳುವಾಗ ಆ ರಾತ್ರಿಗಳನ್ನೂ ಲೆಕ್ಕ ಹಿಡಿ. ನಮ್ಮ ಹುಡುಗರು "ಫಿಲ್ಮ್ ಖರ್ಚಿಲ್ಲ" ಅಂತ ರೇಟ್ ಇಳಿಸಿ, ವಾರಗಟ್ಟಲೆ ಸುಮ್ನೆ ದುಡಿಯುತ್ತಾರೆ.

ಯಲ್ಲಾಪುರದಿಂದ: ಹಳೆಯ ಲೆನ್ಸಿನೊಳಗೆ ಜೇಡರ ಬಲೆಯಂಥದ್ದು ಕಾಣುತ್ತದೆ. ಅಕ್ಕಿಯ ಡಬ್ಬಿಯಲ್ಲಿ ಇಟ್ಟಿದ್ದೇನೆ. ಹೋಗುತ್ತದಾ?

ಹೋಗುವುದಿಲ್ಲ. ಅದು ಫಂಗಸ್. ಅಕ್ಕಿಯಿಂದ ಸಿಗುವುದು ಅಕ್ಕಿಯ ಧೂಳು ಮಾತ್ರ. ಮೊದಲು ಅನ್ನ ಮಾಡಿ ಅದನ್ನು ಖಾಲಿ ಮಾಡಿ. ಬಿಸಿಲಿಗೆ ಇಡುವವರು, ಅಡಿಕೆಯಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡುವವರೂ ಇದ್ದಾರೆ. ಬಿಸಿಗೆ ಒಳಗಿನ ಗ್ರೀಸ್ ಕರಗಿ ಅಪರ್ಚರ್ ಎಲೆಗಳಿಗೆ ಅಂಟುತ್ತದೆ, ಆಮೇಲೆ ಎರಡು ರಿಪೇರಿ. ಪೇಟೆಯಲ್ಲಿ ಸ್ಪಿರಿಟ್ ಹಾಕಿ 10 ನಿಮಿಷದಲ್ಲಿ ಕ್ಲೀನ್ ಮಾಡಿಕೊಡುತ್ತೇನೆ ಅನ್ನುವವರ ಕೈಗೆ ಕೊಡಲೇಬೇಡಿ, ಬಿಚ್ಚಿದ ಗಾಜುಗಳನ್ನು ಅದೇ ಜಾಗಕ್ಕೆ ಕೂರಿಸಲು ಅವರಿಗೆ ಬರುವುದಿಲ್ಲ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ. ನಡುವೆ ಹಬ್ಬಿ ಗಾಜಿನ ಕೋಟಿಂಗ್ ತಿಂದಿದ್ದರೆ ಒರೆಸಿದರೂ ಕಲೆ ಉಳಿಯುತ್ತದೆ, ಆ ಲೆನ್ಸಿಗೆ ಹಣ ಹಾಕಬೇಡಿ. ಚರ್ಮದ ಕೇಸ್ ಮೊದಲು ಎಸೆಯಿರಿ, ಫಂಗಸ್ಸಿನ ತವರುಮನೆ ಅದೇ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್ ತನ್ನಿ. ಮುಳ್ಳು 40ರಿಂದ 50ರ ನಡುವೆ ಇರಲಿ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕಿ.

ಹೊನ್ನಾವರದಿಂದ: ಸ್ಟುಡಿಯೋದ ಹಳೆಯ ನೆಗೆಟಿವ್‌ಗಳನ್ನು ಬೆಳ್ಳಿ ತೆಗೆಯಲು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತೇವೆ ಅಂತ ಒಬ್ಬರು ಬಂದಿದ್ದಾರೆ. ಹೇಗೂ ಈಗ ಎಲ್ಲ ಡಿಜಿಟಲ್. ಕೊಡಲಾ?

ಅವನನ್ನು ಮೆಟ್ಟಿಲಿಳಿಸಿ. ಕಲರ್ ನೆಗೆಟಿವ್ ತೊಳೆಯುವಾಗಲೇ ಬ್ಲೀಚು, ಫಿಕ್ಸರು ಸೇರಿ ಬೆಳ್ಳಿಯನ್ನೆಲ್ಲ ತೆಗೆದುಬಿಟ್ಟಿರುತ್ತವೆ. ಉಳಿದದ್ದು ಬರೀ ಬಣ್ಣ. ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ಬೆಳ್ಳಿ ಇದೆ, ಆದರೆ ಆ ಬೆಳ್ಳಿಯೇ ಚಿತ್ರ.

2024ರ ಆಗಸ್ಟ್‌ನಲ್ಲಿ ಇಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿತ್ತಲ್ಲ, ಮರುದಿನದಿಂದಲೇ ಅದರ ಹಳೆಯ ಫೋಟೋ ಇದೆಯಾ ಅಂತ ಜನ ಬಂದರು. 90ರ ದಶಕದಲ್ಲಿ ತೆಗೆದ ನೆಗೆಟಿವ್ ಟ್ರಂಕಿನಿಂದ ಕಾಲು ಗಂಟೆಯಲ್ಲಿ ಸಿಕ್ಕಿತು. 2007ರಲ್ಲಿ ದೋಣಿಯಿಂದ ತೆಗೆದ ಡಿಜಿಟಲ್ ಫೋಟೋ ಅದಕ್ಕಿಂತ ಚೆನ್ನಾಗಿತ್ತು. ಡಿವಿಡಿಯಲ್ಲಿ ಇಟ್ಟಿದ್ದೆ. ನಮ್ಮ ಹವೆಗೆ ಡಿವಿಡಿ ಕೆಟ್ಟು, ಯಾವ ಕಂಪ್ಯೂಟರೂ ಅದನ್ನು ಓದಲಿಲ್ಲ. ಈಗ ಎರಡು ಹಾರ್ಡ್ ಡಿಸ್ಕ್, ಒಂದು ನನ್ನ ಹತ್ತಿರ, ಇನ್ನೊಂದು ಅಂಕೋಲೆಯಲ್ಲಿ ತಂಗಿಯ ಮನೆಯಲ್ಲಿ. ವರ್ಷಕ್ಕೊಮ್ಮೆ ಎರಡನ್ನೂ ಚಾಲೂ ಮಾಡಿ ತೆರೆದು ನೋಡುತ್ತೇನೆ. ನೆಗೆಟಿವ್ ಮಾರುವ ಯೋಚನೆ ಬಿಟ್ಟು, ಮೊದಲು ನಿಮ್ಮ ಡಿವಿಡಿಗಳನ್ನು ಹಾಕಿ ನೋಡಿ.

ಎಷ್ಟು ಮೆಗಾಪಿಕ್ಸೆಲ್ ಬೇಕು? (11 ಜನ ಕೇಳಿದ್ದು)

24 ಸಾಕು. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 20 × 13 ಇಂಚಿನ ಪ್ರಿಂಟ್ ಬರುತ್ತದೆ. ಅದಕ್ಕಿಂತ ದೊಡ್ಡದನ್ನು ನಿಮ್ಮ ಗಿರಾಕಿ ಗೋಡೆಗೆ ಹಾಕಿದ್ದು ಯಾವಾಗ?

ಕಾರವಾರದ ಕಡಲ ತೀರದಲ್ಲಿ ಪ್ರೀ-ವೆಡ್ಡಿಂಗ್ ತೆಗೆಯುವಾಗ ಲೆನ್ಸ್ ಬದಲಿಸಬಹುದಾ?

ಬೇಡ. ಫಿಲ್ಮಿನಲ್ಲಿ ಒಂದು ಫ್ರೇಮಿಗೆ ಕೂತ ಧೂಳು ಆ ಫ್ರೇಮಿನ ಜೊತೆ ಮುಂದೆ ಹೋಗುತ್ತಿತ್ತು. ಸೆನ್ಸರಿನಲ್ಲಿ ಕೂತದ್ದು ಅಲ್ಲೇ ಇರುತ್ತದೆ, ಸಂಜೆಯ ತನಕ ಎಲ್ಲ ಆಕಾಶಗಳಲ್ಲೂ ಅದೇ ಚುಕ್ಕೆ.

ಫಿಲ್ಮ್ ಮತ್ತೆ ಫ್ಯಾಷನ್ ಆಗುತ್ತಿದೆಯಂತೆ. ಮದುವೆಗೆ ಫಿಲ್ಮಿನಲ್ಲಿ ತೆಗೆದುಕೊಡುತ್ತೀರಾ?

ನನ್ನ ಫ್ರಿಜ್ಜಿನಲ್ಲಿ ಎರಡು ರೋಲ್ ಇವೆ. ಯಾರ ಮದುವೆಗೂ ಕೊಡುವುದಿಲ್ಲ.