ಕೇಳಿದಿರಾ, ಕೇಳಲಿಲ್ವಾ?

ಮಾನ್ಯ ಸಂಪಾದಕರೇ,
ನನ್ನ ಎರಡು ವರ್ಷದ ಮೊಮ್ಮಗಳಿಗೆ ಭೇದಿ ಶುರುವಾಯಿತು. ಮನೆ ಹತ್ತಿರದ ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಐದು ನಿಮಿಷ ನೋಡಿ ಒಂದು ಆಂಟಿಬಯಾಟಿಕ್, ಎರಡು ಸಿರಪ್ಪು ಬರೆದುಕೊಟ್ಟರು. ಫೀಸು, ಔಷಧ ಸೇರಿ 1,300 ರೂಪಾಯಿ. ಭೇದಿಯಲ್ಲಿ ಹೋದ ನೀರು, ಉಪ್ಪು ತುಂಬುವ ಒಆರ್‌ಎಸ್ ಪುಡಿಯ ಮಾತೇ ಇಲ್ಲ. ಮಕ್ಕಳ ಆರೋಗ್ಯವನ್ನು ಈ ವ್ಯಾಪಾರಿಗಳ ಕೈಯಿಂದ ತೆಗೆದು ಪೂರ್ತಿ ಸರ್ಕಾರಕ್ಕೇ ವಹಿಸಬೇಕು ಎಂದು ನಿಮ್ಮ ಪತ್ರಿಕೆ ಏಕೆ ಬರೆಯುವುದಿಲ್ಲ?
— ಒಬ್ಬ ತಾತ, ರಾಜಾಜಿನಗರ

ಸ್ವಾಮಿ, ಮೊದಲು ಮೊಮ್ಮಗಳು ಹೇಗಿದ್ದಾಳೆ ಹೇಳಿ. ರೂಪಾಯಿ ಲೆಕ್ಕ ಕೊಟ್ಟಿದ್ದೀರಿ, ಅದೊಂದು ಬಿಟ್ಟಿದ್ದೀರಿ.

ನಿಮ್ಮ ಸಿಟ್ಟು ಸುಳ್ಳಲ್ಲ. ವೈರಸ್ಸಿನಿಂದ ಬಂದ ಭೇದಿಗೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಸರ್ಕಾರಿ ಆಸ್ಪತ್ರೆಗಳ ಬಗ್ಗೆ ನನಗೂ ಗೌರವ ಇದೆ. ವಾಣಿವಿಲಾಸ ಆಸ್ಪತ್ರೆ 1935ರಿಂದ ಈ ಊರಿನ ತಾಯಿ, ಮಕ್ಕಳನ್ನು ನೋಡಿಕೊಂಡು ಬಂದಿದೆ. ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ಎಲ್ಲೆಲ್ಲಿಂದಲೋ ಜನ ಮಗು ಎತ್ತಿಕೊಂಡು ಬರುತ್ತಾರೆ. ದೊಡ್ಡ ಕಾಯಿಲೆ ಬಂದರೆ ಅಲ್ಲಿಗೇ ಹೋಗಬೇಕು. ಒಪ್ಪಿದೆ.

ಆದರೆ ರಾತ್ರಿ ಎಂಟಕ್ಕೆ ಮಗುವಿನ ಮೈ ಕಾವಲಿ ಥರ ಸುಡುತ್ತಿರುವಾಗ ನೀವು ಯಾರ ಬಾಗಿಲಿಗೆ ಹೋಗುತ್ತೀರಿ? ಮೂರನೇ ಕ್ರಾಸಿನ ಮೂಲೆಯ ಕ್ಲಿನಿಕ್ಕಿಗೆ, ಅಲ್ವಾ? ಅವರನ್ನು ಒಂದೇ ಏಟಿಗೆ ವ್ಯಾಪಾರಿ ಅಂದುಬಿಟ್ಟಿರಿ. ನನಗೆ ಚುಚ್ಚಿದ್ದು ಅದೇ.

ನಾನು ಚಾಮರಾಜಪೇಟೆಯಲ್ಲಿ ಬೆಳೆದವನು. ನಮ್ಮ ಬೀದಿಯ ಡಾಕ್ಟರ ಕಾಂಪೌಂಡರು ಕೆಂಪು ಮಿಕ್ಸ್ಚರ್ ಬೆರೆಸಿ ಬಾಟಲಿಗೆ ತುಂಬುತ್ತಿದ್ದರು. ಹೊತ್ತಿಗೆ ಎಷ್ಟು ಅಂತ ಗೊತ್ತಾಗಲು ಕಾಗದದ ಪಟ್ಟಿಯನ್ನು ಅಂಚಿನಲ್ಲಿ ಕಚ್ಚು ಕತ್ತರಿಸಿ ಬಾಟಲಿಗೆ ಅಂಟಿಸುತ್ತಿದ್ದರು. ಡಾಕ್ಟರಿಗೆ ನಮ್ಮ ಮನೆಯಲ್ಲಿ ಯಾರಿಗೆ ಉಬ್ಬಸ, ಯಾರ ಕೈಯಲ್ಲಿ ಕಾಸಿಲ್ಲ, ಎಲ್ಲಾ ಗೊತ್ತಿತ್ತು. 'ಮುಂದಿನ ತಿಂಗಳು ಕೊಡಮ್ಮ' ಅಂತ ಅಮ್ಮನಿಗೆ ಎಷ್ಟು ಸಲ ಹೇಳಿದ್ದಾರೋ. ಅವರೂ ಖಾಸಗಿಯವರೇ ಸ್ವಾಮಿ.

ಇನ್ನೊಂದು ಕಥೆ ಹೇಳಬೇಕು. ಇದರಲ್ಲಿ ತಪ್ಪು ನನ್ನದು. ನನ್ನ ಮಗಳಿಗೆ ಒಂದೂವರೆ ವರ್ಷವಿದ್ದಾಗ ಹೀಗೇ ಭೇದಿ. ಹನುಮಂತನಗರದ ಮಕ್ಕಳ ಡಾಕ್ಟರೊಬ್ಬರು ಚರ್ಮ ಚಿವುಟಿ ನೋಡಿದರು, ನಾಲಿಗೆ ನೋಡಿದರು. 'ಒಆರ್‌ಎಸ್ ಪುಡಿ ಕಲಸಿ ಚಮಚದಲ್ಲಿ ಕುಡಿಸ್ತಾ ಇರಿ. ಗಂಜಿ ಕೊಡಿ, ಎದೆಹಾಲು ನಿಲ್ಲಿಸಬೇಡಿ. ರಕ್ತ ಕಂಡರೆ, ಉಚ್ಚೆ ನಿಂತರೆ, ಮಗು ಮಂಕಾದರೆ ಎತ್ತಿಕೊಂಡು ಓಡಿ ಬನ್ನಿ' ಅಂದರು. ಅಷ್ಟೇ. ನನಗೆ ಉರಿದುಹೋಯಿತು. ಫೀಸು ತಗೊಂಡು ಉಪ್ಪುನೀರು ಕೊಟ್ಟನಲ್ಲ! ಅವತ್ತೇ ಸಂಜೆ ಇನ್ನೊಂದು ಕಡೆ ಹೋಗಿ ನಾನೇ ಕೇಳಿ ಇಂಜೆಕ್ಷನ್ ಹಾಕಿಸಿದೆ. ಎರಡು ದಿನಕ್ಕೆ ಭೇದಿ ನಿಂತಿತು. ಹಾಗೇ ಬಿಟ್ಟಿದ್ದರೂ ನಿಲ್ಲುತ್ತಿತ್ತು. ಅತ್ತೆ ಮಾತ್ರ 'ಎರಡನೆಯವರ ಕೈಗುಣ ಚೆನ್ನಾಗಿದೆ' ಅಂತ ಬೀದಿಗೆಲ್ಲ ಹೇಳಿದರು. ಸರಿಯಾಗಿ ನೋಡಿದ ಡಾಕ್ಟರು ನಮ್ಮ ಬೀದಿಯ ಐದಾರು ಮನೆ ಕಳೆದುಕೊಂಡರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಕರ್ನಾಟಕ ಮತ್ತು ಬಿಹಾರದ 253 ಊರುಗಳಲ್ಲಿ ಖಾಸಗಿಯಾಗಿ ಔಷಧ ಕೊಡುವ 2,000ಕ್ಕೂ ಹೆಚ್ಚು ಮಂದಿಯ ಬಳಿಗೆ, ಮಗುವಿನ ಮನೆಯವರ ಹಾಗೆ ನಟಿಸುವ ಜನರನ್ನು ಕಳಿಸಿದ್ದರು. 'ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿ' ಅಂತ ಹೇಳಿಸಿ ನೋಡಿದ ಪರೀಕ್ಷೆ ಅದು. ಬೆಂಗಳೂರಿನಂಥ ಮಹಾನಗರವಲ್ಲ, ನಡುಗಾತ್ರದ ಊರುಗಳು. ಒಆರ್‌ಎಸ್ ಬರೆಯದೇ ಇರುವುದಕ್ಕೆ ಏನು ಕಾರಣ ಅಂತ ಲೆಕ್ಕ ಹಾಕಿದರು. ಲಾಭದಾಸೆಯ ಪಾಲು ನೂರಕ್ಕೆ 5. ಅಂಗಡಿಯಲ್ಲಿ ಪೊಟ್ಟಣ ಇಲ್ಲದ್ದು 6. 'ಈ ಜನಕ್ಕೆ ಒಆರ್‌ಎಸ್ ಬೇಕಾಗಿಲ್ಲ' ಅಂತ ಔಷಧ ಕೊಡುವವರೇ ಅಂದುಕೊಂಡದ್ದು 42! ಬಾಯಿಬಿಟ್ಟು 'ಒಆರ್‌ಎಸ್ ಕೊಡಬಹುದಾ' ಅಂದ ಕಡೆ ಅದನ್ನು ಕೊಟ್ಟವರು ನೂರಕ್ಕೆ 27ರಷ್ಟು ಜಾಸ್ತಿಯಾದರು.

ಡಾಕ್ಟರಿಗೆ ಗೊತ್ತಿಲ್ಲ ಅಂತಲ್ಲ. ನಾನು ಹನುಮಂತನಗರದಲ್ಲಿ ತೋರಿಸಿದಂಥ ಸಿಟ್ಟಿನ ಮುಖ ಅವರಿಗೆ ಗೊತ್ತು. ಉಪ್ಪುನೀರು ಬರೆದರೆ ನಾಳೆ ಈ ತಾತ ಬರುವುದಿಲ್ಲ ಅಂತ ಅವರು ಅಂದುಕೊಂಡಿರುತ್ತಾರೆ. ನೀವು ಕೇಳಿದಿರಾ ಸ್ವಾಮಿ? ಕಾಗದದಲ್ಲಿ ಇಲ್ಲ. ಒಆರ್‌ಎಸ್ ಗೊತ್ತಿದ್ದವರು ನೀವು. ಅಲ್ಲಿ ಸುಮ್ನೆ ಕೂತು ಇಲ್ಲಿ ನನ್ನನ್ನು ಕೇಳುತ್ತಿದ್ದೀರಿ.

ಹೆಸರಿನ ಗೊಂದಲವೂ ಕಮ್ಮಿ ಇರಲಿಲ್ಲ ಬಿಡಿ. ಬಣ್ಣದ ಡಬ್ಬದ ಸಿಹಿ ಹಣ್ಣಿನ ಪಾನೀಯಗಳೂ ಒಆರ್‌ಎಸ್ ಅನ್ನುವ ಹೆಸರು ಹೊತ್ತು ಮೆಡಿಕಲ್ ಶಾಪಿನಲ್ಲಿ ಕೂತಿದ್ದವು. ಸಕ್ಕರೆ ಜಾಸ್ತಿಯಾದರೆ ಭೇದಿಯೂ ಜಾಸ್ತಿ. ಹೈದರಾಬಾದಿನ ಮಕ್ಕಳ ಡಾಕ್ಟರು ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಹಾಕಬಾರದು ಅಂತ ಆದೇಶ ಹೊರಡಿಸಿತು. ಶಿವರಂಜನಿಯವರೂ ಖಾಸಗಿ ಡಾಕ್ಟರೇ! ಅಸಲಿ ಪುಡಿ ಕೆಲವೇ ರೂಪಾಯಿ. 20.5 ಗ್ರಾಂ ಪೊಟ್ಟಣ ಪೂರ್ತಿಯಾಗಿ ಒಂದು ಲೀಟರ್ ನೀರಿಗೆ. ಲೋಟಕ್ಕೆ ಚಿಟಿಕೆ ಹಾಕಿ ಕಲಸಬೇಡಿ. ಜೊತೆಗೆ ಸತುವಿನ (ಜಿಂಕ್) ಮಾತ್ರೆ, ಭೇದಿ ನಿಂತ ಮೇಲೂ ಸೇರಿ 14 ದಿನ. ಇದನ್ನು ಡಾಕ್ಟರ ಹತ್ತಿರ ಕೇಳಿ ಕೊಡಿ.

1971ರ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾಕ್ಟರು ದಿಲೀಪ್ ಮಹಲನಾಬಿಸ್ ಈ ಉಪ್ಪು ಸಕ್ಕರೆ ನೀರಿನಿಂದಲೇ ಎಷ್ಟೋ ಜೀವ ಉಳಿಸಿದರು. ಡ್ರಿಪ್ ಬಾಟಲಿ ಸಾಲದೆ ಬಂದು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. 2023ರಲ್ಲಿ, ಅವರು ತೀರಿಕೊಂಡ ಮೇಲೆ, ಪದ್ಮವಿಭೂಷಣ ಬಂತು. ನಮ್ಮ ಬೀದಿಯಲ್ಲಿ ಇವತ್ತಿಗೂ 'ಗ್ಲೂಕೋಸ್ ಹಾಕಿಸಿದ್ರಾ?' ಅನ್ನುವುದೇ ಮೊದಲ ಪ್ರಶ್ನೆ.

ಫೀಸಿನ ವಿಷಯಕ್ಕೆ ಬಂದರೆ, ಖಾಸಗಿ ಆಸ್ಪತ್ರೆಗಳ ಮೇಲೆ ರಾಜ್ಯದಲ್ಲಿ 2007ರಿಂದಲೇ ಕಾನೂನು ಇದೆ. 2017ರಲ್ಲಿ ಅದನ್ನು ಬಿಗಿ ಮಾಡಲು ಹೊರಟಾಗ ನವೆಂಬರಿನಲ್ಲಿ ಡಾಕ್ಟರುಗಳು ಮುಷ್ಕರ ಹೂಡಿ ಒಪಿಡಿ ಮುಚ್ಚಿದ್ದು ನೆನಪಿರಬಹುದು. ದೊಡ್ಡ ಆಸ್ಪತ್ರೆಗಳಿಗೆ ಲಗಾಮು ಬೇಕೇ ಬೇಕು. ನನ್ನ ಹೊಟ್ಟೆಯುರಿ ಬೇರೆ. ಬೀದಿಯ ಕ್ಲಿನಿಕ್ಕುಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ನಮ್ಮ ಡಾಕ್ಟರ ಕ್ಲಿನಿಕ್ಕಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಬಾಡಿಗೆ ಏರಿತು, ಅವರ ಮಗ ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ. ಜನಕ್ಕೂ ಲಿಫ್ಟು, ಗಾಜಿನ ಬಾಗಿಲು, ಟೋಕನ್ ಬೇಕು. ಬಿಲ್ ಜಾಸ್ತಿ ಬಂದರೆ ಒಳ್ಳೆ ಡಾಕ್ಟರು ಅನ್ನುವ ನಂಬಿಕೆ ಬೇರೆ. ನಿಮ್ಮ ಐದು ನಿಮಿಷದ ಡಾಕ್ಟರು ಕನಿಷ್ಠ ನಿಮ್ಮ ಬೀದಿಯಲ್ಲಿ ಇದ್ದಾರೆ. ಇನ್ನೊಮ್ಮೆ ಹೋಗಿ. ಜಗಳಕ್ಕಲ್ಲ, ಕೇಳೋದಕ್ಕೆ.

ನಾನು ಬೇರೆಯವರಿಗೆ ಹೇಳುವಷ್ಟು ದೊಡ್ಡವನೂ ಅಲ್ಲ. ನಿಮ್ಮ ಕಾಗದ ಅಚ್ಚಾಗಿರುವ ಈ ಹಾಳೆ ಮಗುಚಿ ನೋಡಿ, ಹಿಂದೆ ರಾಶಿಫಲ ಇದೆ. ಓದುಗರಿಗೆ ಬೇಕು ಅಂತ ನಾವೇ ಅಂದುಕೊಂಡು ವರ್ಷಗಟ್ಟಲೆ ಹಾಕುತ್ತಿದ್ದೇವೆ. ಬೇಕು ಅಂತ ಒಂದು ಕಾಗದ ಬಂದದ್ದು ನನಗೆ ನೆನಪಿಲ್ಲ. ಬೇಡ ಅಂತಲೂ ಬಂದಿಲ್ಲ. ಮುಂದಿನ ಸಲ ಅದನ್ನೂ ಒಂದು ಸಾಲು ಬರೆಯಿರಿ. ಮೊಮ್ಮಗಳ ಸಮಾಚಾರ ಮರೆಯಬೇಡಿ.

— ಸಂ.